ಮನೆಯ ಅಕ್ವೇರಿಯಂನಲ್ಲಿ ಮೀನು ಕಾಯಿಲೆ ಬಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಗೋಲ್ಡ್ ಫಿಶ್, ಫೈಟರ್, ಗಪ್ಪಿ, ಮಾಲಿ, ಏಂಜೆಲ್, ಟೆಟ್ರಾ, ಆಸ್ಕರ್ ಮುಂತಾದ ಸಿಹಿನೀರಿನ ಮೀನುಗಳನ್ನು ಮನೆಯಲ್ಲಿ ಸಾಕುವವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಸಮುದ್ರದ ಮೀನುಗಳ ಆರೈಕೆ ಬೇರೆಯೇ ವಿಷಯವಾದ್ದರಿಂದ ಅದನ್ನು ಇಲ್ಲಿ ತೆಗೆದುಕೊಂಡಿಲ್ಲ. ಮನೆಯ ತೊಟ್ಟಿಯಲ್ಲಿ ಕಾಯಿಲೆ ಬೀಳುವ ಹೆಚ್ಚಿನ ಮೀನುಗಳಿಗೆ ಮೊದಲು ಬೇಕಾಗಿರುವುದು ಒಳ್ಳೆಯ ನೀರು. ಔಷಧದ ಮಾತು ಆಮೇಲಿನದು. ಮುಂದಿನ ಉತ್ತರಗಳೆಲ್ಲವೂ ಈ ನಿಲುವಿನಿಂದಲೇ ಹೊರಟಿವೆ.

ಮೀನಿಗೆ ಹುಷಾರಿಲ್ಲ ಎಂದು ತಿಳಿಯುವುದು ಹೇಗೆ?

ಮೈಮೇಲೆ ಗಾಯವೋ ಚುಕ್ಕೆಯೋ ಕಾಣುವ ಮುಂಚೆಯೇ ಮೀನಿನ ನಡವಳಿಕೆ ಬದಲಾಗಿರುತ್ತದೆ. ಮೇವು ಹಾಕುವ ಹೊತ್ತಿಗೆ ಗಾಜಿನ ಬಳಿಗೆ ಓಡಿಬರುತ್ತಿದ್ದ ಮೀನು ಮೂಲೆಯಲ್ಲಿ ನಿಲ್ಲುವುದು, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿರುವುದು, ಕಲ್ಲಿಗೋ ಗಿಡಕ್ಕೋ ಮೈ ಉಜ್ಜುವುದು, ಕಿವಿರನ್ನು ವೇಗವಾಗಿ ಬಡಿಯುವುದು, ನೀರಿನ ಮೇಲ್ಮೈಯಲ್ಲಿ ಬಾಯಿ ತೆರೆದು ಏದುಸಿರು ಬಿಡುವುದು, ಬಣ್ಣ ಮಂಕಾಗುವುದು, ಬಿಳಿಯ ದಾರದಂಥ ಮಲ ವಿಸರ್ಜಿಸುವುದು ಇವೆಲ್ಲ ಮೊದಲ ಸೂಚನೆಗಳು. ದಿನಕ್ಕೊಮ್ಮೆ ಮೇವು ಹಾಕುವಾಗ ಐದು ನಿಮಿಷ ನಿಂತು ಎಲ್ಲ ಮೀನುಗಳನ್ನೂ ನೋಡುವ ಅಭ್ಯಾಸ ಇದ್ದವರಿಗೆ ಇವು ತಪ್ಪದೆ ಕಣ್ಣಿಗೆ ಬೀಳುತ್ತವೆ.

ಆಯಾ ಜಾತಿಯ ಸಹಜ ನಡವಳಿಕೆಯೂ ಗೊತ್ತಿರಬೇಕು. ಫೈಟರ್ ಮತ್ತು ಗುರಾಮಿ ಮೀನುಗಳು ಕಿವಿರಿನ ಜೊತೆಗೆ ಇನ್ನೊಂದು ವಿಶೇಷ ಅಂಗದಿಂದ ಗಾಳಿಯನ್ನು ನೇರವಾಗಿ ಉಸಿರಾಡುವುದರಿಂದ, ಅವು ಆಗಾಗ ಮೇಲೆ ಬಂದು ಗಾಳಿ ನುಂಗುವುದು ಕಾಯಿಲೆಯಲ್ಲ. ಕೆಲವು ಲೋಚ್ ಮೀನುಗಳು ಪಕ್ಕಕ್ಕೆ ಒರಗಿ ಮಲಗುವುದೂ ಅವುಗಳ ಸ್ವಭಾವವೇ. ಗೋಲ್ಡ್ ಫಿಶ್ ಅಥವಾ ಟೆಟ್ರಾ ಹೀಗೆ ಮಾಡಿದರೆ ಮಾತ್ರ ಎಚ್ಚರಗೊಳ್ಳಬೇಕು.

ಕಾಯಿಲೆ ಕಂಡ ಕೂಡಲೇ ಮೊದಲು ಏನು ಮಾಡಬೇಕು?

ಅಂಗಡಿಗೆ ಓಡುವ ಮುಂಚೆ ಬಕೆಟ್ ಎತ್ತಿಕೊಳ್ಳಿ. ಕ್ಲೋರಿನ್ ತೆಗೆದ, ತೊಟ್ಟಿಯ ನೀರಿನಷ್ಟೇ ಬೆಚ್ಚಗಿರುವ ನೀರಿನಿಂದ ತೊಟ್ಟಿಯ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗಿನ ನೀರನ್ನು ಬದಲಿಸಿ. ಏರ್ ಪಂಪ್ ಇದ್ದರೆ ಪೂರ್ತಿ ವೇಗಕ್ಕೆ ತಿರುಗಿಸಿ, ಆ ದಿನ ಮೇವು ನಿಲ್ಲಿಸಿ, ದೀಪ ಆರಿಸಿ. ಈ ನಾಲ್ಕು ಕೆಲಸಗಳಿಂದ ಯಾವ ಕಾಯಿಲೆಯ ಮೀನಿಗೂ ಕೆಡುಕಾಗುವುದಿಲ್ಲ. ಅಷ್ಟರಿಂದಲೇ ಮರುದಿನ ಚೇತರಿಸಿಕೊಳ್ಳುವ ಮೀನುಗಳೂ ಬಹಳ. ನೀರು ಬದಲಿಸುವ ಮುಂಚೆ ಒಂದು ಲೋಟ ಹಳೆಯ ನೀರನ್ನು ಎತ್ತಿಟ್ಟುಕೊಂಡರೆ ಆಮೇಲೆ ಪರೀಕ್ಷಿಸಲು ಅನುಕೂಲ.

ಗಾಬರಿಯಲ್ಲಿ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಕಲ್ಲುಗಳನ್ನು ತಿಕ್ಕಿ, ಫಿಲ್ಟರಿನ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ಹಿಂಡಿ ತೊಳೆದು, ಹೊಸ ನೀರು ತುಂಬಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಹಾಗೆ ಮಾಡುವುದು ಏಕೆ ಅಪಾಯ ಎಂಬುದನ್ನು ಮುಂದಿನ ಉತ್ತರದಲ್ಲಿ ವಿವರಿಸಲಾಗಿದೆ.

ನೀರು ತಿಳಿಯಾಗಿದೆ, ವಾಸನೆಯೂ ಇಲ್ಲ. ಆದರೂ ನೀರೇ ಕಾರಣವಾಗಿರಬಹುದೇ?

ಖಂಡಿತ ಆಗಿರಬಹುದು. ಮೀನಿಗೆ ವಿಷವಾಗುವ ಅಮೋನಿಯ ಮತ್ತು ನೈಟ್ರೈಟ್ ಎರಡಕ್ಕೂ ಬಣ್ಣವಿಲ್ಲ. ಮೀನು ಕಿವಿರಿನ ಮೂಲಕ ಅಮೋನಿಯವನ್ನು ಸದಾ ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಮೇವು ಕೊಳೆತಾಗಲೂ ಅದೇ ಅಮೋನಿಯ ಹುಟ್ಟುತ್ತದೆ. ಹಳೆಯ ತೊಟ್ಟಿಯ ಫಿಲ್ಟರ್ ಸ್ಪಾಂಜಿನಲ್ಲೂ ಕಲ್ಲುಗಳ ಮೇಲೂ ನೆಲೆಸಿರುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ತೊಟ್ಟಿ ಕೊಂಡ ದಿನವೇ ಹತ್ತು ಮೀನು ತಂದು ಬಿಟ್ಟವರು ಎರಡನೇ ವಾರದಲ್ಲಿ ಒಂದೊಂದಾಗಿ ಕಳೆದುಕೊಳ್ಳುವುದು ಈ ಕಾರಣದಿಂದಲೇ. ಫಿಲ್ಟರನ್ನು ನಲ್ಲಿ ನೀರಿನಲ್ಲಿ ತೊಳೆದರೆ ಕ್ಲೋರಿನ್ ತಗುಲಿ ಈ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಆಗ ಹಳೆಯ ತೊಟ್ಟಿಯೂ ಮತ್ತೆ ಹೊಸ ತೊಟ್ಟಿಯ ಸ್ಥಿತಿಗೇ ಬರುತ್ತದೆ. ಸ್ಪಾಂಜನ್ನು ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ಹಳೆಯ ನೀರಿನಲ್ಲಿ ಹಿಂಡಿ ತೊಳೆಯುವುದು ಸರಿಯಾದ ಕ್ರಮ.

ಅಮೋನಿಯದ ವಿಷ ಎಷ್ಟು ತೀಕ್ಷ್ಣ ಎಂಬುದು ನೀರಿನ ಪಿಎಚ್ (ನೀರು ಎಷ್ಟು ಆಮ್ಲ ಅಥವಾ ಕ್ಷಾರ ಎಂಬುದರ ಅಳತೆ) ಮತ್ತು ಉಷ್ಣತೆಯನ್ನು ಅವಲಂಬಿಸಿದೆ. 28 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದ ಶೇಕಡ 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಸುಮಾರು ಶೇಕಡ 6ರಿಂದ 7ಕ್ಕೆ ಏರುತ್ತದೆ. ಗಡಸು ನೀರಿನ ಊರುಗಳಲ್ಲಿ ಪಿಎಚ್ ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಮೆದು ನೀರಿನ ಊರಿನಲ್ಲಿ ಮೀನು ತಾಳಿಕೊಳ್ಳುವಷ್ಟೇ ಅಮೋನಿಯ ಇಲ್ಲಿ ಅದನ್ನು ಕೊಲ್ಲಬಲ್ಲದು. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ, ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ಟನ್ನು ಒಮ್ಮೆ ಕೊಂಡರೆ ಬಹಳ ಕಾಲ ಬರುತ್ತದೆ. ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟದಿದ್ದರೆ ಒಳ್ಳೆಯದು. ಮೊದಲೆರಡರಲ್ಲಿ ಯಾವುದಾದರೂ ಕಂಡುಬಂದರೆ, ಅದು ಸೊನ್ನೆಗೆ ಇಳಿಯುವವರೆಗೆ ಪ್ರತಿದಿನ ಸ್ವಲ್ಪ ಸ್ವಲ್ಪ ನೀರು ಬದಲಿಸುವುದೇ ಚಿಕಿತ್ಸೆ. ಒಂದು ಔಷಧದ ಬಾಟಲಿಗೆ ಹಣ ಕೊಡುವ ಮೊದಲು ಈ ಕಿಟ್ಟಿಗೆ ಕೊಡಿ ಎಂಬುದು ನಮ್ಮ ದೃಢವಾದ ಸಲಹೆ.

ಕಾವೇರಿ ನೀರು, ಬೋರ್‌ವೆಲ್ ನೀರು, ಆರ್‌ಒ ನೀರು: ಯಾವುದನ್ನು ಹಾಕಬೇಕು?

ನಲ್ಲಿಯಲ್ಲಿ ಬರುವ ನೀರಿಗೆ ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್ ಹಾಕಿರುತ್ತಾರೆ, ಮತ್ತು ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ನಲ್ಲಿಯ ತುದಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ರಕ್ಷಣೆಯಾದ ಅದೇ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಅಗಲ ಬಾಯಿಯ ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟರೆ, ಅದರಲ್ಲೂ ಏರ್ ಸ್ಟೋನ್ (ಏರ್ ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಹೊರಬಿಡುವ ಕಲ್ಲು) ಬಿಟ್ಟಿಟ್ಟರೆ, ಸಾಮಾನ್ಯ ಕ್ಲೋರಿನ್ ಹಾರಿಹೋಗುತ್ತದೆ. ತುರ್ತಿದ್ದಾಗ ಅಂಗಡಿಯವರು ಆ್ಯಂಟಿ ಕ್ಲೋರಿನ್ ಎಂದು ಕೊಡುವ ಸೋಡಿಯಂ ಥಯೋಸಲ್ಫೇಟ್ ಸಾಕು.

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲವೆಂದು ಪಂಪಿನಿಂದ ನೇರವಾಗಿ ತೊಟ್ಟಿಗೆ ಬಿಡುವವರಿದ್ದಾರೆ. ಆಳದ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ, ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚು. ಗಾಳಿಗೆ ಒಡ್ಡಿದ ಕೆಲವು ಗಂಟೆಗಳಲ್ಲಿ ಆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಆ ಏರಿಳಿತ ಮೀನಿನ ಮೇಲೆ ಆಗಬಾರದು. ಈ ನೀರನ್ನೂ ರಾತ್ರಿಯಿಡೀ ಏರ್ ಸ್ಟೋನ್ ಹಾಕಿಟ್ಟು ಬೆಳಿಗ್ಗೆ ಬಳಸಬೇಕು. ಗಪ್ಪಿ, ಮಾಲಿ, ಗೋಲ್ಡ್ ಫಿಶ್‌ಗಳು ಗಡಸು ನೀರಿಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಡಿಸ್ಕಸ್ ಮತ್ತು ಹಲವು ಟೆಟ್ರಾಗಳಿಗೆ ಅದು ಕಷ್ಟ. ಆರ್‌ಒ ನೀರನ್ನೊಂದೇ ತುಂಬಿಸಬೇಡಿ, ಏಕೆಂದರೆ ಅದರಲ್ಲಿ ಮೀನಿಗೆ ಬೇಕಾದ ಖನಿಜಗಳೂ ಪಿಎಚ್ ಅನ್ನು ಸ್ಥಿರವಾಗಿಡುವ ಅಂಶವೂ ಉಳಿದಿರುವುದಿಲ್ಲ. ಗಡಸುತನ ತಗ್ಗಿಸಲು ಬೋರ್‌ವೆಲ್ ನೀರಿಗೆ ಬೆರೆಸಿ ಬಳಸಬಹುದು. ಕಾಯಿಲೆಯ ಮೀನಿರುವಾಗ ಮಾತ್ರ ನೀರಿನ ಮೂಲವನ್ನು ದಿಢೀರನೆ ಬದಲಿಸಬಾರದು.

ಮೈತುಂಬ ಸಕ್ಕರೆ ಹರಳಿನಂಥ ಬಿಳಿ ಚುಕ್ಕೆಗಳು ಎದ್ದಿವೆ. ಏನು ಮಾಡಲಿ?

ಇದು ಮನೆಯ ತೊಟ್ಟಿಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಬಿಳಿ ಚುಕ್ಕೆ ರೋಗ. ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶ ಪರೋಪಜೀವಿ ಇದಕ್ಕೆ ಕಾರಣ. ಹವ್ಯಾಸಿಗಳು ಚಿಕ್ಕದಾಗಿ ಇಕ್ ಎನ್ನುತ್ತಾರೆ. ಇದರ ಬದುಕಿನ ಚಕ್ರ ತಿಳಿಯದೆ ಚಿಕಿತ್ಸೆ ಮಾಡಿದವರೇ ಹೆಚ್ಚಾಗಿ ಸೋಲುವುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ನಮಗೆ ಕಾಣುವ ಬಿಳಿ ಚುಕ್ಕೆಯು ಮೀನಿನ ಚರ್ಮದ ಒಳಗೆ ಕೂತು ಅದನ್ನು ತಿನ್ನುತ್ತಿರುವ ಪರೋಪಜೀವಿ. ಚರ್ಮದ ಮರೆಯಲ್ಲಿರುವಾಗ ಅದಕ್ಕೆ ಯಾವ ಔಷಧವೂ ಸರಿಯಾಗಿ ತಗುಲುವುದಿಲ್ಲ. ಬಲಿತ ಮೇಲೆ ಅದು ಮೀನನ್ನು ಬಿಟ್ಟು ತೊಟ್ಟಿಯ ತಳಕ್ಕೆ ಇಳಿದು, ಸುತ್ತ ಒಂದು ಗಟ್ಟಿ ಕೋಶ ಕಟ್ಟಿಕೊಂಡು, ಅದರೊಳಗೆ ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ಹೊರಬಂದು ನೀರಿನಲ್ಲಿ ಈಜುತ್ತ ಒಂದೆರಡು ದಿನಗಳೊಳಗೆ ಇನ್ನೊಂದು ಮೀನನ್ನು ಹುಡುಕಿಕೊಳ್ಳಬೇಕು, ಇಲ್ಲವಾದರೆ ಸಾಯುತ್ತವೆ. ಔಷಧ ಕೊಲ್ಲುವುದು ಈಜುತ್ತಿರುವ ಈ ಮರಿಗಳನ್ನು ಮಾತ್ರ. ಮೂರನೇ ದಿನಕ್ಕೆ ಚುಕ್ಕೆ ಮಾಯವಾಯಿತೆಂದು ಔಷಧ ನಿಲ್ಲಿಸಿದರೆ, ತಳದಲ್ಲಿ ಒಡೆಯುತ್ತಿರುವ ಪೀಳಿಗೆ ಮುಂದಿನ ವಾರ ಹತ್ತುಪಟ್ಟಾಗಿ ಮರಳುತ್ತದೆ.

ಈ ಚಕ್ರದ ವೇಗ ಉಷ್ಣತೆಯ ಮೇಲೆ ನಿಂತಿದೆ. 25 ಡಿಗ್ರಿಯ ಆಸುಪಾಸಿನಲ್ಲಿ ಅದು ಒಂದು ವಾರದೊಳಗೆ ಮುಗಿದರೆ, ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಬೆಂಗಳೂರು, ಮೈಸೂರು, ಮಲೆನಾಡಿನ ಕಡೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೀಟರ್ ಇಲ್ಲದ ತೊಟ್ಟಿಯ ನೀರು ತಣ್ಣಗಾಗುತ್ತದೆ. ಮೀನಿನ ರೋಗನಿರೋಧಕ ಶಕ್ತಿ ಆಗ ಕುಗ್ಗುವುದರಿಂದ ಬಿಳಿ ಚುಕ್ಕೆ ಆ ತಿಂಗಳುಗಳಲ್ಲೇ ಹೆಚ್ಚು ಕಾಣಿಸಿಕೊಳ್ಳುತ್ತದೆ. ಉಷ್ಣವಲಯದ ಮೀನುಗಳಾದರೆ ಹೀಟರ್ ಹಾಕಿ ನೀರನ್ನು ಗಂಟೆಗೆ ಒಂದು ಡಿಗ್ರಿಗಿಂತ ವೇಗವಾಗದಂತೆ 30 ಡಿಗ್ರಿಗೆ ಏರಿಸಿ, 10ರಿಂದ 14 ದಿನ ಅಲ್ಲೇ ಇಡುವುದು ಪರಿಣಾಮಕಾರಿ. ಬೆಚ್ಚನೆಯ ನೀರು ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ (20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ). ಆದ್ದರಿಂದ ಏರ್ ಪಂಪ್ ಹಗಲಿರುಳು ನಡೆಯಲೇಬೇಕು. ಗೋಲ್ಡ್ ಫಿಶ್ ತಂಪು ನೀರಿನ ಮೀನಾದ್ದರಿಂದ ಅದಕ್ಕೆ ಇಷ್ಟು ಬಿಸಿ ಬೇಡ. ಉಪ್ಪು ಮತ್ತು ಔಷಧದ ದಾರಿಯೇ ಸೂಕ್ತ.

ಔಷಧಗಳಲ್ಲಿ ಮ್ಯಾಲಕೈಟ್ ಗ್ರೀನ್, ಅಥವಾ ಅದಕ್ಕೆ ಫಾರ್ಮಲಿನ್ ಬೆರೆಸಿದ ತಯಾರಿಕೆಗಳು ಬಳಕೆಯಲ್ಲಿವೆ. ಕೊನೆಯ ಚುಕ್ಕೆ ಮರೆಯಾದ ಮೇಲೂ ಮೂರು ನಾಲ್ಕು ದಿನ ಚಿಕಿತ್ಸೆ ಮುಂದುವರಿಸಿ. ಹುರುಪೆಯಿಲ್ಲದ ಕ್ಯಾಟ್‌ಫಿಶ್, ಲೋಚ್‌ಗಳಿಗೂ ಟೆಟ್ರಾಗಳಿಗೂ ಮ್ಯಾಲಕೈಟ್ ಗ್ರೀನ್ ಹೆಚ್ಚು ತೀಕ್ಷ್ಣವಾದ್ದರಿಂದ ಸಾಮಾನ್ಯವಾಗಿ ಅರ್ಧ ಪ್ರಮಾಣ ಬಳಸುತ್ತಾರೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ, ತಿನ್ನುವ ಮೀನಿಗೆ ಇದನ್ನು ಎಂದೂ ಬಳಸಬೇಡಿ. ಒಂದೇ ಮೀನಿನ ಮೇಲೆ ಚುಕ್ಕೆ ಕಂಡರೂ ಈ ಕಾಯಿಲೆಗೆ ಇಡೀ ತೊಟ್ಟಿಗೆ ಚಿಕಿತ್ಸೆ ಮಾಡಬೇಕು.

ಬಿಳಿ ಚುಕ್ಕೆ ಎಂದರೆ ಯಾವಾಗಲೂ ಈ ರೋಗವೇ?

ಅಲ್ಲ. ಗಂಡು ಗೋಲ್ಡ್ ಫಿಶ್‌ಗಳಿಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಬಿಳಿಯ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಮೀನು ಚುರುಕಾಗಿ ತಿನ್ನುತ್ತ ಓಡಾಡುತ್ತಿದ್ದು, ಗುಳ್ಳೆಗಳು ಆ ಎರಡು ಜಾಗಗಳಲ್ಲಷ್ಟೇ ಇದ್ದರೆ ಔಷಧ ಬೇಕಿಲ್ಲ. ಚುಕ್ಕೆಗಳು ಇನ್ನೂ ನುಣ್ಣಗಿದ್ದು, ಟಾರ್ಚ್ ಬಿಟ್ಟಾಗ ಚಿನ್ನದ ಧೂಳು ಉದುರಿಸಿದಂತೆ ಮಿನುಗಿದರೆ ಅದು ವೆಲ್ವೆಟ್ ರೋಗ. ಅದರ ಪರೋಪಜೀವಿ ಬೆಳಕಿನಿಂದಲೂ ಆಹಾರ ತಯಾರಿಸಿಕೊಳ್ಳುವುದರಿಂದ ಚಿಕಿತ್ಸೆಯ ದಿನಗಳಲ್ಲಿ ತೊಟ್ಟಿಯನ್ನು ಬಟ್ಟೆಯಿಂದ ಮುಚ್ಚಿ ಕತ್ತಲೆ ಮಾಡುತ್ತಾರೆ. ಫೈಟರ್ ಮೀನುಗಳಲ್ಲಿ ಇದು ಬೇಗ ಪ್ರಾಣಕ್ಕೆ ಬರುತ್ತದೆ.

ಬಾಲ ಮತ್ತು ರೆಕ್ಕೆ ಕೊಳೆಯುತ್ತಿದೆ; ಬಾಯಿಯ ಸುತ್ತ ಹತ್ತಿಯಂಥದ್ದು ಬೆಳೆದಿದೆ. ಎರಡೂ ಒಂದೇ ಕಾಯಿಲೆಯೇ?

ರೆಕ್ಕೆಯ ಅಂಚು ಬಿಳಿಚಿಕೊಂಡು ಅಥವಾ ಕೆಂಪಾಗಿ ಹರಿದುಹೋಗುವುದು ಬ್ಯಾಕ್ಟೀರಿಯಾಗಳಿಂದ ಬರುವ ರೆಕ್ಕೆ ಕೊಳೆತ. ಸದಾ ನೀರಿನಲ್ಲಿರುವ ಏರೋಮೊನಾಸ್, ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಮೀನು ದುರ್ಬಲವಾದಾಗ ಮಾತ್ರ ಮೇಲುಗೈ ಪಡೆಯುತ್ತವೆ. ಕೊಳೆತ ರೆಕ್ಕೆಯ ಬುಡಕ್ಕೆ ಮುಟ್ಟಿಲ್ಲದಿದ್ದರೆ ಶುದ್ಧ ನೀರು, ಸ್ವಲ್ಪ ಉಪ್ಪು, ಕಾಟ ಕೊಡುವ ಜೊತೆ ಮೀನಿನಿಂದ ಬಿಡುಗಡೆ ಇಷ್ಟರಿಂದಲೇ ಹೊಸ ರೆಕ್ಕೆ ಪಾರದರ್ಶಕವಾಗಿ ಬೆಳೆದುಬರುತ್ತದೆ. ಬುಡ ಮುಟ್ಟಿ ಮೈಗೂ ಹಬ್ಬಿದ್ದರೆ ಪಶುವೈದ್ಯರ ನೆರವು ಬೇಕು.

ಹತ್ತಿಯಂಥ ಬೆಳವಣಿಗೆ ಎರಡು ಬಗೆ. ಗಾಯದ ಮೇಲೆ ಎಳೆಎಳೆಯಾಗಿ ಎದ್ದು ನೀರಿನಲ್ಲಿ ಅಲ್ಲಾಡುವುದು ಸ್ಯಾಪ್ರೊಲೆಗ್ನಿಯಾ ಎಂಬ ಬೂಷ್ಟು; ಇದಕ್ಕೆ ಮಿಥಿಲೀನ್ ಬ್ಲೂ ಮತ್ತು ಉಪ್ಪು ನೆರವಾಗುತ್ತವೆ. ಬಾಯಿಯ ಸುತ್ತಲೋ ಬೆನ್ನಿನ ಮೇಲೆ ಜೀನಿನ ಆಕಾರದಲ್ಲೋ ಬೂದುಬಿಳಿಯ ಪೊರೆಯಾಗಿ ಹರಡುವುದು ಹೆಚ್ಚಾಗಿ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ. ನೋಡಲು ಬೂಷ್ಟಿನಂತಿದ್ದರೂ ಇದಕ್ಕೆ ಬೂಷ್ಟಿನ ಔಷಧ ಫಲ ಕೊಡದು. ಇನ್ನೂ ಮುಖ್ಯವಾದ ವ್ಯತ್ಯಾಸವೆಂದರೆ, ಬಿಸಿ ನೀರಿನಲ್ಲಿ ಕಾಲಮ್ನಾರಿಸ್ ವೇಗವಾಗಿ ಹಬ್ಬಿ ಒಂದೆರಡು ದಿನಗಳಲ್ಲೇ ಮೀನನ್ನು ಕೊಲ್ಲಬಲ್ಲದು. ಬಿಳಿ ಚುಕ್ಕೆಗೆ ಮಾಡಿದಂತೆ ಇಲ್ಲಿ ಹೀಟರ್ ಏರಿಸಿದರೆ ರೋಗಕ್ಕೇ ಸಹಾಯ ಮಾಡಿದಂತಾಗುತ್ತದೆ. ಕಾಯಿಲೆಯನ್ನು ಗುರುತಿಸದೆ ಚಿಕಿತ್ಸೆ ಆರಂಭಿಸಬಾರದು ಎಂದು ಒತ್ತಿ ಹೇಳುವುದು ಇಂಥ ಕಾರಣಗಳಿಂದ.

ಹೊಟ್ಟೆ ಊದಿಕೊಂಡಿದೆ ಅಥವಾ ಮೀನು ತಲೆಕೆಳಗಾಗಿ ತೇಲುತ್ತಿದೆ. ಬದುಕುತ್ತದೆಯೇ?

ಮೇಲಿನಿಂದ ನೋಡಿದಾಗ ಹುರುಪೆಗಳು ಮೈಯಿಂದ ಎದ್ದು ನಿಂತಿದ್ದರೆ ಅದು ಡ್ರಾಪ್ಸಿ. ಮೂತ್ರಪಿಂಡ ಕೆಟ್ಟು ಮೈಯಲ್ಲಿ ನೀರು ತುಂಬಿಕೊಂಡಿರುವುದರ ಲಕ್ಷಣ ಇದು. ಈ ಹಂತಕ್ಕೆ ಬಂದ ಮೀನುಗಳಲ್ಲಿ ಉಳಿಯುವವು ಕಡಿಮೆ. ಪ್ರತ್ಯೇಕ ತೊಟ್ಟಿಯಲ್ಲಿ, ಬೆಚ್ಚನೆಯ ಶುದ್ಧ ನೀರಿನಲ್ಲಿ ನೆಮ್ಮದಿಯಾಗಿಡುವುದು ಮತ್ತು ವೈದ್ಯರನ್ನು ಕೇಳುವುದು ಬಿಟ್ಟರೆ ಮನೆಯಲ್ಲಿ ಮಾಡಬಹುದಾದದ್ದು ಹೆಚ್ಚಿಲ್ಲ. ಪರ್ಲ್‌ಸ್ಕೇಲ್ ಗೋಲ್ಡ್ ಫಿಶ್‌ನ ಹುರುಪೆಗಳು ಹುಟ್ಟಿನಿಂದಲೇ ಉಬ್ಬಿರುತ್ತವೆ. ಬಸುರಿ ಗಪ್ಪಿ, ಮಾಲಿಗಳ ಹೊಟ್ಟೆಯೂ ಊದಿರುತ್ತದೆ. ಇವನ್ನು ಡ್ರಾಪ್ಸಿ ಎಂದು ತಿಳಿಯಬೇಡಿ.

ಗುಂಡು ಮೈಯ ಗೋಲ್ಡ್ ಫಿಶ್‌ಗಳು ತಲೆಕೆಳಗಾಗುವುದಕ್ಕೆ ಮಲಬದ್ಧತೆ ಅಥವಾ ಒಣ ಮೇವಿನ ಜೊತೆ ಗಾಳಿ ನುಂಗುವುದು ಹಲವೊಮ್ಮೆ ಕಾರಣ. ಎರಡು ದಿನ ಉಪವಾಸವಿಟ್ಟು, ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿಯನ್ನು ಚಿಟಿಕೆಯಷ್ಟು ಹಿಸುಕಿ ಕೊಡಿ. ಮುಂದಕ್ಕೆ ತೇಲುವ ಮೇವಿನ ಬದಲು ಮುಳುಗುವ ಮೇವನ್ನು, ಒಂದು ನಿಮಿಷ ನೆನೆಸಿ ಹಾಕಿ.

ಉಪ್ಪು ಹಾಕಬಹುದೇ? ಎಷ್ಟು?

ಹಾಕಬಹುದು, ಅಳೆದು ಹಾಕಬೇಕು. ಸಿಹಿನೀರಿನ ಮೀನಿನ ಮೈಯಲ್ಲಿರುವಷ್ಟು ಲವಣ ಸುತ್ತಲಿನ ನೀರಿನಲ್ಲಿ ಇರುವುದಿಲ್ಲ. ಹೀಗಾಗಿ ನೀರು ಸದಾ ಅದರ ಮೈಯೊಳಗೆ ನುಗ್ಗುತ್ತಿರುತ್ತದೆ, ಮೀನು ಅದನ್ನು ಮೂತ್ರವಾಗಿ ಹೊರಹಾಕುತ್ತಲೇ ಇರಬೇಕು. ಚರ್ಮ ಅಥವಾ ಕಿವಿರು ಗಾಯಗೊಂಡಾಗ ಈ ದುಡಿಮೆ ಇನ್ನಷ್ಟು ಭಾರವಾಗುತ್ತದೆ. ನೀರಿಗೆ ಸ್ವಲ್ಪ ಉಪ್ಪು ಸೇರಿದರೆ ಆ ಭಾರ ಇಳಿಯುತ್ತದೆ. ನೈಟ್ರೈಟ್ ಏರಿದಾಗಲಂತೂ ಉಪ್ಪಿನ ಕ್ಲೋರೈಡ್ ಅಂಶವು ಕಿವಿರಿನ ಮೂಲಕ ನೈಟ್ರೈಟ್ ಒಳಹೋಗುವುದನ್ನೇ ತಡೆಯುತ್ತದೆ.

ಸಾಮಾನ್ಯ ಆರೈಕೆಗೆ ಲೀಟರಿಗೆ 1 ಗ್ರಾಂ, ಗಟ್ಟಿ ಮೀನುಗಳಿಗೆ ಹಂತಹಂತವಾಗಿ 2ರಿಂದ 3 ಗ್ರಾಂವರೆಗೆ ಬಳಸಬಹುದು. ಯಾವ ಮಿಶ್ರಣವೂ ಇಲ್ಲದ ಕಲ್ಲುಪ್ಪು ಸಾಕು. ಅದನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ದಿನದಲ್ಲಿ ಎರಡು ಮೂರು ಬಾರಿ ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಹರಳನ್ನೇ ತೊಟ್ಟಿಗೆ ಹಾಕಿದರೆ ತಳದಲ್ಲಿರುವ ಮೀನಿನ ಮೈ ಸುಡುತ್ತದೆ. ನೀರು ಆವಿಯಾದರೂ ಉಪ್ಪು ಹೋಗುವುದಿಲ್ಲವಾದ್ದರಿಂದ, ನೀರು ಬದಲಿಸಿದಾಗ ತೆಗೆದ ಪಾಲಿನಷ್ಟಕ್ಕೆ ಮಾತ್ರ ಮತ್ತೆ ಉಪ್ಪು ಸೇರಿಸಬೇಕು. ಕೋರಿಡೋರಾಸ್, ಲೋಚ್, ಟೆಟ್ರಾಗಳಿಗೂ ನೀರಿನ ಗಿಡಗಳಿಗೂ ಉಪ್ಪು ಒಗ್ಗುವುದಿಲ್ಲ. ಕಾಯಿಲೆಯಿಲ್ಲದ ತೊಟ್ಟಿಗೆ ವರ್ಷವಿಡೀ ಉಪ್ಪು ಹಾಕುವ ರೂಢಿಗೆ ಯಾವ ಸಮರ್ಥನೆಯೂ ಇಲ್ಲ.

ಔಷಧದ ಪ್ರಮಾಣವನ್ನು ಲೆಕ್ಕ ಹಾಕುವುದು ಹೇಗೆ?

ತೊಟ್ಟಿಯ ನಿಜವಾದ ನೀರಿನ ಅಳತೆ ತಿಳಿದಿರಬೇಕು. ಒಂದು ಘನ ಅಡಿ ಎಂದರೆ ಸುಮಾರು 28.3 ಲೀಟರ್. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್ ಆಗುತ್ತದೆ. ತಳದ ಕಲ್ಲು, ಅಲಂಕಾರ, ಮೇಲೆ ಬಿಟ್ಟ ಜಾಗ ಕಳೆದರೆ ಉಳಿಯುವ ನೀರು 45 ಲೀಟರಿನಷ್ಟೇ. 56 ಲೀಟರಿಗೆಂದು ಔಷಧ ಹಾಕಿದವರು ಕಾಲುಭಾಗ ಹೆಚ್ಚು ಹಾಕಿರುತ್ತಾರೆ.

ಚಿಕಿತ್ಸೆಯ ಅವಧಿಯಲ್ಲಿ ಫಿಲ್ಟರಿನೊಳಗಿನ ಇದ್ದಿಲನ್ನು ತೆಗೆದಿಡಿ, ಇಲ್ಲವಾದರೆ ಅದೇ ಔಷಧವನ್ನು ಹೀರಿಕೊಳ್ಳುತ್ತದೆ. ಚಿಕಿತ್ಸೆ ಮುಗಿದ ಮೇಲೆ ಅದನ್ನು ಮರಳಿ ಹಾಕಿದರೆ ನೀರಿನಲ್ಲಿ ಉಳಿದ ಔಷಧವನ್ನು ಅದು ಹೀರಿ ತೆಗೆಯುತ್ತದೆ. ಮಿಥಿಲೀನ್ ಬ್ಲೂ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಗಿಡಗಳಿಗೂ ಹಾನಿ ಮಾಡುತ್ತದೆ, ಅಂಟನ್ನೂ ಕಲ್ಲನ್ನೂ ನೀಲಿ ಮಾಡುತ್ತದೆ. ಯಾವ ಕಾಯಿಲೆಗೂ ಮೊದಲು ನಾಲ್ಕು ಹನಿ ನೀಲಿ ಔಷಧ ಎಂಬ ಪದ್ಧತಿ ನಮ್ಮಲ್ಲಿ ಬೇರೂರಿದೆ. ಅದನ್ನು ಪ್ರತ್ಯೇಕ ತೊಟ್ಟಿಯಲ್ಲಿ, ಬೂಷ್ಟು ಅಥವಾ ಮೊಟ್ಟೆಗಳ ರಕ್ಷಣೆಯಂಥ ಸರಿಯಾದ ಕಾರಣವಿದ್ದಾಗ ಮಾತ್ರ ಬಳಸಿ. ತಾಮ್ರ ಸೇರಿದ ಔಷಧಗಳು ಸೀಗಡಿ, ಬಸವನಹುಳುಗಳನ್ನು ಕೊಲ್ಲುತ್ತವೆ. ಎರಡು ಔಷಧಗಳನ್ನು ಊಹೆಯ ಮೇಲೆ ಬೆರೆಸಲೇಬಾರದು.

ಮನೆಯಲ್ಲಿರುವ ಆ್ಯಂಟಿಬಯೋಟಿಕ್ ಕ್ಯಾಪ್ಸೂಲನ್ನು ಬಿಚ್ಚಿ ನೀರಿಗೆ ಹಾಕಬಹುದೇ?

ಬೇಡ. ಹೆಚ್ಚಾಗಿ ಹಾಕುವ ಟೆಟ್ರಾಸೈಕ್ಲಿನ್ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಬೆಸೆದುಕೊಂಡು ನಿಷ್ಕ್ರಿಯವಾಗುತ್ತದೆ; ಬೋರ್‌ವೆಲ್ ನೀರಿನ ತೊಟ್ಟಿಗೆ ಹಾಕಿದ ಕ್ಯಾಪ್ಸೂಲಿನಿಂದ ನೀರು ಹಳದಿಯಾಗುವುದರ ಹೊರತು ಹೆಚ್ಚಿನ ಪ್ರಯೋಜನವಿಲ್ಲ. ಪರೋಪಜೀವಿಗಳ ಮೇಲೂ ಬೂಷ್ಟಿನ ಮೇಲೂ ಅದು ಕೆಲಸ ಮಾಡುವುದಿಲ್ಲ. ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಬಿದ್ದು ಅಮೋನಿಯ ಏರಬಹುದು. ಅರೆಬರೆ ಪ್ರಮಾಣದಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ಆ ನೀರು ಚರಂಡಿಗೆ ಸೇರುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಈ ಔಷಧಗಳನ್ನು ಮೀನಿಗೂ ವೈದ್ಯರ ಸಲಹೆಯಿಂದಲೇ ಕೊಡಬೇಕು.

ಅರಿಶಿನ, ಬೇವು, ಬಾದಾಮಿ ಎಲೆ ಇವುಗಳಿಂದ ಗುಣವಾಗುತ್ತದೆಯೇ?

ಅರಿಶಿನದ ಮುಖ್ಯ ಸತ್ವ ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ; ಪುಡಿ ತಳದಲ್ಲಿ ಕೂತು ಕೊಳೆಯುತ್ತದೆ. ಬೇವಿನ ಸಾರ ಪ್ರಮಾಣ ಮೀರಿದರೆ ಮೀನಿಗೇ ವಿಷ, ಮತ್ತು ಸುರಕ್ಷಿತ ಪ್ರಮಾಣವನ್ನು ಮನೆಯಲ್ಲಿ ಅಳೆಯಲು ದಾರಿಯಿಲ್ಲ. ಕಾಡು ಬಾದಾಮಿಯ ಒಣ ಎಲೆ ಮಾತ್ರ ಫೈಟರ್, ಗುರಾಮಿಯಂಥ ಮೀನುಗಳಿಗೆ ಹಿತ. ಅದರಿಂದ ಟ್ಯಾನಿನ್ ಬಿಟ್ಟು ನೀರು ಚಹಾದ ಬಣ್ಣಕ್ಕೆ ತಿರುಗಿ ಸ್ವಲ್ಪ ಆಮ್ಲೀಯವಾಗುತ್ತದೆ. ಮರದಲ್ಲೇ ಹಣ್ಣಾಗಿ ಉದುರಿದ, ಕೀಟನಾಶಕ ತಗುಲದ ಎಲೆಯನ್ನು ತೊಳೆದು ಬಳಸಿ. ಅದು ಆರೈಕೆಗೆ ಪೂರಕವೇ ಹೊರತು ಬಿಳಿ ಚುಕ್ಕೆಗೋ ಡ್ರಾಪ್ಸಿಗೋ ಮದ್ದಲ್ಲ.

ಪ್ರತ್ಯೇಕ ಚಿಕಿತ್ಸಾ ತೊಟ್ಟಿ ಬೇಕೇ ಬೇಕೇ?

20ರಿಂದ 40 ಲೀಟರಿನ ಗಾಜಿನ ಅಥವಾ ಪ್ಲಾಸ್ಟಿಕ್ ತೊಟ್ಟಿ, ಸ್ಪಾಂಜ್ ಫಿಲ್ಟರ್, ಸಣ್ಣ ಹೀಟರ್, ಅಡಗಿಕೊಳ್ಳಲು ಒಂದು ತುಂಡು ಪಿವಿಸಿ ಪೈಪ್ ಇದ್ದರೆ ಸಾಕು. ತಳಕ್ಕೆ ಕಲ್ಲು ಹಾಕಬೇಡಿ. ಖಾಲಿ ತಳವಿದ್ದರೆ ಮಲವನ್ನೂ ಉಳಿದ ಮೇವನ್ನೂ ದಿನವೂ ಹೀರಿ ತೆಗೆಯಬಹುದು. ಒಂದು ಹೆಚ್ಚುವರಿ ಸ್ಪಾಂಜನ್ನು ಸದಾ ದೊಡ್ಡ ತೊಟ್ಟಿಯಲ್ಲೇ ಓಡಿಸುತ್ತಿದ್ದರೆ, ಬೇಕಾದ ದಿನ ಬ್ಯಾಕ್ಟೀರಿಯಾ ತುಂಬಿದ ಫಿಲ್ಟರ್ ಸಿದ್ಧವಿರುತ್ತದೆ. ಗಾಯ, ಡ್ರಾಪ್ಸಿ, ರೆಕ್ಕೆ ಕೊಳೆತ ಇವುಗಳಿಗೆ ಮೀನನ್ನು ಬೇರ್ಪಡಿಸಿ. ಬಲೆ, ಪೈಪು, ಬಕೆಟ್‌ಗಳನ್ನು ಎರಡು ತೊಟ್ಟಿಗಳಿಗೂ ಬೇರೆಬೇರೆ ಇಡಿ. ನೀರಿಗೆ ಕೈ ಹಾಕುವ ಮುಂಚೆ ಹೀಟರಿನ ಪ್ಲಗ್ ಕಿತ್ತುಬಿಡಿ.

ಎಲ್ಲ ಮೀನುಗಳೂ ಒಂದೇ ದಿನ ಒದ್ದಾಡುತ್ತಿವೆ. ಇದು ಯಾವ ರೋಗ?

ರೋಗಗಳು ಹೀಗೆ ಒಂದೇ ಗಂಟೆಯಲ್ಲಿ ಎಲ್ಲವನ್ನೂ ಹಿಡಿಯುವುದು ಅಪರೂಪ. ಆಮ್ಲಜನಕ ಕಡಿಮೆಯಾಗಿರುವುದು, ಕ್ಲೋರಿನ್ ತೆಗೆಯದ ನೀರು, ಅಥವಾ ಹೊರಗಿನ ವಿಷ ಈ ಮೂರನ್ನು ಮೊದಲು ಅನುಮಾನಿಸಿ. ಮನೆಯಲ್ಲಿ ಬಳಸುವ ಸೊಳ್ಳೆ ಬತ್ತಿ, ಲಿಕ್ವಿಡ್ ಮಷೀನ್, ಜಿರಲೆ ಸ್ಪ್ರೇಗಳಲ್ಲಿ ಬಹುಪಾಲು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳಿರುತ್ತವೆ. ಮನುಷ್ಯರಿಗೆ ಹೆಚ್ಚು ತೊಂದರೆ ಕೊಡದ ಅವು ಮೀನಿಗೆ ಅತ್ಯಂತ ಕಡಿಮೆ ಪ್ರಮಾಣದಲ್ಲೇ ಮಾರಕ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಹೀರಿ ನೀರಿನೊಳಗೆ ತಳ್ಳುವುದರಿಂದ ತೊಟ್ಟಿಗೆ ಮುಚ್ಚಳವಿದ್ದರೂ ರಕ್ಷಣೆಯಿಲ್ಲ. ತೊಟ್ಟಿಯಿರುವ ಕೋಣೆಯಲ್ಲಿ ಇವನ್ನು ಬಳಸದೆ ಸೊಳ್ಳೆ ಪರದೆ ಕಟ್ಟುವುದು ಒಳ್ಳೆಯದು. ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸುವಾಗಲೂ ಅದೇ ಎಚ್ಚರ ಬೇಕು. ಇಂಥ ಅನುಮಾನ ಬಂದ ಕೂಡಲೇ ಪಂಪಿನ ಗಾಳಿಯ ಮೂಲವನ್ನು ಬೇರೆ ಕೋಣೆಗೆ ಸರಿಸಿ, ಅರ್ಧ ನೀರು ಬದಲಿಸಿ, ಫಿಲ್ಟರಿಗೆ ಹೊಸ ಇದ್ದಿಲು ಹಾಕಿ.

ದೀರ್ಘ ಕಾಲ ಕರೆಂಟ್ ಹೋಗಿದ್ದರೆ, ಮಗ್ಗಿನಿಂದ ನೀರನ್ನು ಎತ್ತಿ ಒಂದು ಅಡಿ ಎತ್ತರದಿಂದ ಮತ್ತೆ ತೊಟ್ಟಿಗೇ ಸುರಿಯುತ್ತಿರಿ. ಬ್ಯಾಟರಿಯ ಏರ್ ಪಂಪ್ ಒಂದನ್ನು ತಂದಿಟ್ಟುಕೊಳ್ಳುವುದು ಪ್ರತಿ ಮನೆಗೂ ಅಗತ್ಯ.

ಕಾಯಿಲೆಯ ಮೀನಿಗೆ ಎಷ್ಟು ಮೇವು ಕೊಡಬೇಕು?

ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಬೆಳೆದ ಮೀನು ಕೆಲವು ದಿನ ಮೇವಿಲ್ಲದೆ ಇರಬಲ್ಲದು, ಕೊಳೆತ ಮೇವಿನ ನೀರಿನಲ್ಲಿ ಇರಲಾರದು.

ಮೀನಿನ ಕಾಯಿಲೆ ಮನೆಯವರಿಗೆ ಹರಡುತ್ತದೆಯೇ?

ಬಿಳಿ ಚುಕ್ಕೆಯಂಥ ಹೆಚ್ಚಿನ ರೋಗಗಳು ಹರಡುವುದಿಲ್ಲ. ಮೀನುಗಳಲ್ಲಿ ಕ್ಷಯದಂಥ ಕಾಯಿಲೆ ತರುವ ಮೈಕೊಬ್ಯಾಕ್ಟೀರಿಯಂ ಮರೈನಂ ಎಂಬುದು ಮಾತ್ರ ಕೈಯ ಗಾಯದ ಮೂಲಕ ಮನುಷ್ಯರ ಚರ್ಮಕ್ಕೆ ಸೇರಿ, ವಾರಗಳ ನಂತರ ಮಾಯದ ಗಂಟುಗಳಾಗಿ ಕಾಣಿಸಿಕೊಳ್ಳಬಹುದು. ಕೈಯಲ್ಲಿ ಗಾಯವಿದ್ದಾಗ ಗ್ಲೌಸ್ ಹಾಕಿಕೊಳ್ಳಿ, ನೀರು ತೆಗೆಯುವ ಪೈಪನ್ನು ಬಾಯಿಯಿಂದ ಎಳೆಯಬೇಡಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಅಂಥ ಗಂಟು ಕಂಡರೆ ಚರ್ಮದ ವೈದ್ಯರಿಗೆ ಮನೆಯಲ್ಲಿ ಅಕ್ವೇರಿಯಂ ಇದೆಯೆಂದು ತಪ್ಪದೆ ತಿಳಿಸಿ.

ಮೀನಿಗೆ ವೈದ್ಯರು ಎಲ್ಲಿ ಸಿಗುತ್ತಾರೆ?

ನಾಯಿ, ಬೆಕ್ಕುಗಳ ಚಿಕಿತ್ಸಾಲಯಗಳಲ್ಲಿ ಮೀನು ನೋಡುವವರು ಕಡಿಮೆ. ಪಕ್ಷಿ ಮತ್ತು ವಿಶೇಷ ಸಾಕುಪ್ರಾಣಿಗಳ ಚಿಕಿತ್ಸೆ ಮಾಡುವ ಪಶುವೈದ್ಯರನ್ನು ಮೊದಲು ವಿಚಾರಿಸಿ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಮೀನಿನ ಆರೋಗ್ಯವನ್ನೇ ಅಧ್ಯಯನ ಮಾಡುವವರಿದ್ದಾರೆ. ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಯನ್ನೂ ಕೇಳಬಹುದು. ಯಾರನ್ನೇ ಕೇಳುವಾಗಲೂ ತೊಟ್ಟಿಯ ಅಳತೆ, ಮೀನುಗಳ ಸಂಖ್ಯೆ, ನೀರಿನ ಪರೀಕ್ಷೆಯ ಫಲಿತಾಂಶ, ಈವರೆಗೆ ಹಾಕಿದ ಔಷಧ, ಒಂದು ಸ್ಪಷ್ಟವಾದ ವಿಡಿಯೊ ಇವು ಕೈಯಲ್ಲಿರಲಿ.

ಇನ್ನು ಬದುಕುವುದಿಲ್ಲ ಎಂದು ಖಚಿತವಾದಾಗ ಏನು ಮಾಡಬೇಕು?

ಟಾಯ್ಲೆಟ್ಟಿಗೆ ಸುರಿಯುವುದು, ಫ್ರೀಜರಿನಲ್ಲಿಡುವುದು, ನೀರಿನಿಂದ ಹೊರಗೆ ಬಿಡುವುದು ಇವೆಲ್ಲ ಅದರ ಸಂಕಟವನ್ನು ಹೆಚ್ಚಿಸುತ್ತವೆ. ಸಾಧ್ಯವಿದ್ದರೆ ವೈದ್ಯರಿಂದಲೇ ಮಾಡಿಸಿ. ಇಲ್ಲವಾದರೆ ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಮೀನಿಗೆ ಅರಿವಳಿಕೆಯಾಗುತ್ತದೆ. ಪ್ರತಿ ಲೀಟರಿಗೆ 0.4 ಮಿಲಿಲೀಟರ್ ಎಣ್ಣೆಯನ್ನು ಸಣ್ಣ ಬಾಟಲಿಯ ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನ ಬಣ್ಣ ಬರುವವರೆಗೆ ಚೆನ್ನಾಗಿ ಕಲಕಿ, ಮೀನಿರುವ ಪಾತ್ರೆಗೆ ಬೆರೆಸಬೇಕು. ಮೀನು ನಿದ್ರೆಗೆ ಜಾರುತ್ತದೆ, ಆಮೇಲೆ ಕಿವಿರಿನ ಚಲನೆ ನಿಲ್ಲುತ್ತದೆ. ಚಲನೆ ನಿಂತ ಮೇಲೂ ಕನಿಷ್ಠ ಹತ್ತು ನಿಮಿಷ ಅದನ್ನು ಅದೇ ನೀರಿನಲ್ಲಿ ಬಿಟ್ಟಿರಬೇಕು. ನೋವಿನಲ್ಲಿರುವ ಒಂದು ಸಣ್ಣ ಜೀವಕ್ಕೆ ಇಷ್ಟು ಮಾಡುವುದು ಸಾಕಿದವರ ಹೊಣೆ.

ಬೇಡವಾದ ಅಥವಾ ಕಾಯಿಲೆಯ ಮೀನನ್ನು ಕೆರೆಗೆ ಬಿಡಬಹುದೇ?

ಎಂದಿಗೂ ಬಿಡಬಾರದು. ತೊಟ್ಟಿಯ ಪರೋಪಜೀವಿಗಳು ಕೆರೆಯ ಮೀನುಗಳಿಗೆ ದಾಟುತ್ತವೆ. ದಕ್ಷಿಣ ಅಮೆರಿಕದಿಂದ ಅಕ್ವೇರಿಯಂಗೆಂದು ಬಂದ ಸಕರ್ ಮೀನು ಹೀಗೆಯೇ ಹೊರಬಿದ್ದು, ಇಂದು ನಮ್ಮ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಬೇರೂರಿ ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. ಸತ್ತ ಮೀನನ್ನು ಗಿಡದ ಬುಡದಲ್ಲಿ ಆಳವಾಗಿ ಹೂಳಿ.

ಮೀನು ಸತ್ತ ಮೇಲೆ ಹೊಸ ಮೀನನ್ನು ಯಾವಾಗ ತರಬಹುದು?

ಉಳಿದ ಮೀನುಗಳಲ್ಲಿ ಕನಿಷ್ಠ ನಾಲ್ಕು ವಾರ ಯಾವ ಲಕ್ಷಣವೂ ಕಾಣದಿದ್ದ ಮೇಲೆ. ತೊಟ್ಟಿ ಖಾಲಿಯಾಗಿದ್ದರೆ ಬ್ಲೀಚ್ ಬೆರೆಸಿದ ನೀರಿನಿಂದ ತೊಳೆದು, ಹಲವು ಬಾರಿ ಜಾಲಿಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಸ್ಪಾಂಜನ್ನು ಬದಲಿಸಿ. ಆಗ ಬ್ಯಾಕ್ಟೀರಿಯಾಗಳನ್ನು ಮತ್ತೆ ಮೊದಲಿನಿಂದ ಬೆಳೆಸಬೇಕಾಗುತ್ತದೆ.

ಹೊಸ ಮೀನು ಎಲ್ಲಿಂದಲೇ ಬರಲಿ, ಎರಡರಿಂದ ನಾಲ್ಕು ವಾರ ಚಿಕಿತ್ಸಾ ತೊಟ್ಟಿಯಲ್ಲಿಟ್ಟು ನೋಡಿ. ನಮ್ಮ ಅಂಗಡಿಗಳಿಗೆ ಬರುವ ಮೀನುಗಳಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರಿನಂಥ ಸಾಕಣೆಯ ಊರುಗಳಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿರುತ್ತವೆ, ಒಂದೆರಡು ದಿನಗಳಲ್ಲಿ ಮತ್ತೊಂದು ಚೀಲದಲ್ಲಿ ನಮ್ಮ ಮನೆ ಸೇರುತ್ತವೆ. ಆ ದಣಿವಿನಲ್ಲಿ ಅಡಗಿದ್ದ ಕಾಯಿಲೆ ಹೊರಬೀಳಲು ಒಂದೆರಡು ವಾರ ಹಿಡಿಯುತ್ತದೆ. ಕೊಳ್ಳುವಾಗ ಆ ಒಂದು ಮೀನನ್ನಲ್ಲದೆ ಅದೇ ತೊಟ್ಟಿಯ ಉಳಿದ ಮೀನುಗಳನ್ನೂ ನೋಡಿ. ಒಂದು ಮೀನು ಸತ್ತು ಬಿದ್ದಿದ್ದರೂ, ಒಂದರ ಮೇಲೆ ಚುಕ್ಕೆ ಕಂಡರೂ ಅಲ್ಲಿಂದ ಏನನ್ನೂ ಕೊಳ್ಳಬೇಡಿ. ಮನೆಗೆ ತಂದ ಚೀಲವನ್ನು ಹದಿನೈದು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಮೀನನ್ನು ಬಲೆಯಿಂದ ಎತ್ತಿ ತೊಟ್ಟಿಗೆ ಬಿಡಿ, ಚೀಲದ ನೀರನ್ನು ಹೊರಗೆ ಚೆಲ್ಲಿ.